ಹತ್ತಿರದ ದಡ ಯಾವುದು?

ಕಳೆದ ವಾರದ ಹಿಂದಿನ ಭಾನುವಾರ ಮಧ್ಯಾಹ್ನ ನನ್ನ ಮಗಳು ಕಾಣೆಯಾದಳು.

ಮಾಲ್‌ನಲ್ಲೋ ಮೆಜೆಸ್ಟಿಕ್‌ನಲ್ಲೋ ಆಗಿದ್ದರೆ ಮೈಕ್‌ನಲ್ಲಿ ಹೆಸರು ಕೂಗಿಸಬಹುದಿತ್ತು. ಅವಳು ಕಾಣೆಯಾದದ್ದು ನೀರಿನ ಮೇಲೆ. ಒಬ್ಬಳೇ, ಒಂದು ಪುಟ್ಟ ಹಾಯಿದೋಣಿಯಲ್ಲಿ. ಒಂದು ಕ್ಷಣ ಅವಳ ಹಾಯಿ ಅಲ್ಲಿತ್ತು. ಮಳೆಯ ಪರದೆ ಇಳಿಯಿತು. ಪರದೆ ಸರಿದಾಗ ಅಲ್ಲಿ ಬರೀ ನೀರಿತ್ತು.

ನಡೆದದ್ದನ್ನು ಮೊದಲಿನಿಂದ ಹೇಳಿಬಿಡುತ್ತೇನೆ. 

ನಾನು ಹೆದರುಪುಕ್ಕಲ ಅನ್ನೋದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಲಿಫ್ಟ್ ಸ್ವಲ್ಪ ಸದ್ದು ಮಾಡಿದರೂ ಮೆಟ್ಟಿಲು ಹತ್ತುವವನು ನಾನು. ಹೆಬ್ಬಾಳದ ಫ್ಲೈಓವರ್ ಮೇಲೆ ಲೇನ್ ಬದಲಿಸುವಾಗ ಮನೆದೇವರನ್ನು ನೆನೆಯುವವನು. ನಾವು ಹೆಬ್ಬಾಳದಾಚೆಯ ಕೋಗಿಲಿನ ಹಳೇ ಮನೆತನದವರು. ನಮ್ಮ ಹಿರಿಯರು ರಾಗಿ ಬೆಳೆದರು, ದ್ರಾಕ್ಷಿ ಬೆಳೆದರು, ಆಮೇಲೆ ಅದೇ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿದರು. ನೀರಿಗಿಳಿದವರು ಮಾತ್ರ ಯಾರೂ ಇಲ್ಲ. ಚಿಕ್ಕಂದಿನಲ್ಲಿ ಕೆರೆ ಏರಿಯ ಮೇಲೆ ನಡೆಯುವಾಗ ಅಮ್ಮ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳೆಂದರೆ, ಮನೆಗೆ ಬಂದ ಮೇಲೂ ಅವಳ ಬೆರಳಿನ ಗುರುತು ಇರುತ್ತಿತ್ತು. ಹಾಗಾಗಿ ನನಗೆ ಈಜು ಬರಲಿಲ್ಲ. ಇವತ್ತಿಗೂ ಬರುವುದಿಲ್ಲ.

ಅಂಥವನು ಹಾಯಿದೋಣಿ ಹತ್ತಿದ್ದು ಹೇಗೆ ಅಂತೀರಾ? ಹತ್ತಿಸಿದವಳು ಸುಮಾ, ನನ್ನ ಹೆಂಡತಿ.

ಸುಮಾ ಆರ್.ಟಿ. ನಗರದಲ್ಲಿ ಹುಟ್ಟಿ ಬೆಳೆದವಳು. ಆಫೀಸಿನಲ್ಲಿ ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದು, ಒಂದು ಬೆಳಿಗ್ಗೆ ಇಡ್ಲಿ ಬಡಿಸುತ್ತಾ ಘೋಷಿಸಿದಳು. "ರೀ, ಮೈಸೂರಿನ ಹತ್ರ ಹಿನ್ನೀರಲ್ಲಿ ಹಾಯಿದೋಣಿ ಕಲಿಸ್ತಾರಂತೆ. ನಾವು ಮೂರೂ ಜನ ವೀಕೆಂಡ್ ಹೋಗೋಣ."

"ಯಾಕೆ?" ಅಂದೆ. (ನಮ್ಮ ಮನೆಯಲ್ಲಿ ಯಾವುದೇ ಹೊಸ ವಿಷಯಕ್ಕೆ ನನ್ನ ಮೊದಲ ಪ್ರತಿಕ್ರಿಯೆ ಅದೇ.)

"ಯಾಕೆ ಅಂದ್ರೆ ಅಲ್ಲಿ ದೋಣಿಗೆ ಫೋನ್ ತಗೊಂಡ್ ಹೋಗೋ ಹಾಗಿಲ್ವಂತೆ. ಅದಕ್ಕೇ."

ಟೇಬಲ್ ಸುತ್ತ ನೋಡಿದೆ. ನನ್ನ ಕೈಯಲ್ಲಿ ಫೋನ್. ಎದುರಿಗೆ ಕೂತ ಮಗಳು ಚಿನ್ಮಯಿಯ ಕೈಯಲ್ಲಿ ಫೋನ್. ವಾದ ಮಾಡಲು ಏನು ಉಳಿದಿತ್ತು?

ಅಮ್ಮನಿಗೆ ಏನು ಹೇಳುವುದು ಅನ್ನೋದು ಮುಂದಿನ ಪ್ರಶ್ನೆ. ನಮ್ಮ ಜೊತೆಯೇ ಇರುವ ಅಮ್ಮನಿಗೆ ವಯಸ್ಸಾಗಿದೆ, ಬಿಪಿ ಇದೆ, ನೀರೆಂದರೆ ಆಗದು. "ಬೋಟಿಂಗ್ ಹೋಗ್ತೀವಮ್ಮಾ" ಅಂದೆ.

"ಬಾತುಕೋಳಿ ತರ ಇರ್ತದಲ್ಲ, ಕಾಲಲ್ಲಿ ತುಳಿಯೋದು, ಅದಾ?"

"ಹ್ಞೂಂ, ಅಂಥದ್ದೇ."

ಅಷ್ಟಕ್ಕೇ ಮುಗಿಸಿದೆ. ಅಮ್ಮ ಹೆದರಬಾರದಲ್ಲ!

ನಮ್ಮ ಕೋಚ್ ಪೊನ್ನಪ್ಪ ನೌಕಾಪಡೆಯಿಂದ ನಿವೃತ್ತರಾದವರು. ಮಾತು ಕಡಿಮೆ. ಮೊದಲ ದಿನ ನಮ್ಮನ್ನು ದೋಣಿಯಲ್ಲಿ ಕೂರಿಸಿ, ನೀರಿನ ಮಧ್ಯೆ ಕರೆದುಕೊಂಡು ಹೋಗಿ, ಬೇಕೆಂದೇ ದೋಣಿ ಮಗುಚಿ ಹಾಕಿದರು. "ಮಗುಚೋದು ಮೊದಲು ಕಲೀರಿ. ನಡೆಸೋದು ಆಮೇಲೆ."

ಲೈಫ್ ಜಾಕೆಟ್ ಇತ್ತು, ಮುಳುಗಲಿಲ್ಲ. ಆದರೆ ನನ್ನ ಪ್ರಾಣ ಎರಡು ಸಲ ಹೋಗಿ ಬಂತು. ಮೂಗಿನಿಂದ ಕಾವೇರಿ ಇಳಿಯುತ್ತಿದ್ದಾಗ ಪಕ್ಕದಲ್ಲಿ ಯಾರೋ ನಗುವುದು ಕೇಳಿಸಿತು. ಚಿನ್ಮಯಿ. ತಲೆಕೆಳಗಾದ ದೋಣಿಯ ಬೆನ್ನು ಹತ್ತಿ, ಭಾರ ಹಾಕಿ, ಅದನ್ನು ನೆಟ್ಟಗೆ ನಿಲ್ಲಿಸಿ ನಗುತ್ತಿದ್ದಳು. ಮನೆಯಲ್ಲಿ ಆ ನಗು ಕೇಳಿ ಎಷ್ಟು ಕಾಲವಾಗಿತ್ತು!

ಪೊನ್ನಪ್ಪನವರದು ಎರಡೇ ಪಾಠ. ಒಂದು, ಜೋರು ಗಾಳಿ ಹೊಡೆದಾಗ ಹಾಯಿಯ ಹಗ್ಗ ಬಿಡಿ, ದೋಣಿ ತಾನೇ ನೆಟ್ಟಗಾಗುತ್ತದೆ. ಇನ್ನೊಂದು, ಹವಾಮಾನ ಕೆಟ್ಟರೆ ಹತ್ತಿರದ ದಡಕ್ಕೆ ಹೋಗಿ. "ನಿಮ್ಮ ಕಾರ್ ನಿಲ್ಲಿಸಿರೋ ದಡಕ್ಕಲ್ಲ ಸರ್. ಹತ್ತಿರದ ದಡಕ್ಕೆ."

ವಾರಗಳು ಕಳೆದಂತೆ ನಮ್ಮ ಮನೆಯಲ್ಲಿ ಏನೇನೋ ಬದಲಾಯಿತು. ಕಾರಿನಲ್ಲಿ ಸುಮಾ ಡ್ರೈವ್ ಮಾಡುವಾಗ "ಇಂಡಿಕೇಟರ್ ಹಾಕು, ಲಾರಿ ಬಂತು, ನಿಧಾನ" ಎಂದು ಪಕ್ಕದಲ್ಲಿ ಕೂತು ಭಜನೆ ಮಾಡುವವನು ನಾನು. ದೋಣಿಯಲ್ಲಿ ಚುಕ್ಕಾಣಿ ಅವಳದು, ಹಾಯಿಯ ಹಗ್ಗ ನನ್ನದು. ಅಪ್ಪಣೆ ಅವಳದು. "ಎಳೀರಿ. ಸಾಕು. ಬಿಡಿ. ಬಿಡಿ ಅಂದ್ನಲ್ಲ!" ಇಷ್ಟು ದೊಡ್ಡ ದನಿಯನ್ನು ಈಕೆ ಇಷ್ಟು ವರ್ಷ ಎಲ್ಲಿ ಇಟ್ಟುಕೊಂಡಿದ್ದಳು? ನಮ್ಮ ಜಗಳಗಳೂ ಚಿಕ್ಕವಾದವು. ನೀರಿನ ಮೇಲೆ ಮುನಿಸಿಕೊಂಡು ಎದ್ದು ಹೋಗಲು ಪಕ್ಕದ ರೂಮ್ ಇರುವುದಿಲ್ಲವಲ್ಲ.

ಇನ್ನು ಚಿನ್ಮಯಿ. ಸೆಕೆಂಡ್ ಪಿಯುಸಿ. ಯಶವಂತಪುರದ ಹತ್ತಿರ ಕಾಲೇಜು. ದಿನಾ ಬೆಳಿಗ್ಗೆ ನಾನೇ ಕಾರಿನಲ್ಲಿ ಬಿಟ್ಟು, ಸಂಜೆ ನಾನೇ ಕರೆತರುತ್ತಿದ್ದೆ. ಮಧ್ಯೆ ಲೈವ್ ಲೊಕೇಶನ್. ಆ ನೀಲಿ ಚುಕ್ಕೆ ಕ್ಯಾಂಟೀನ್‌ನಿಂದ ಲೈಬ್ರರಿಗೆ ಹೋದರೂ ನನಗೆ ಗೊತ್ತಾಗಬೇಕು. ಮನೆಗೆ ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅದೇ ಹುಡುಗಿ ದೋಣಿಯಲ್ಲಿ ಗಾಳಿಗೆ ಎದುರಾಗಿ ಕೂತು ಗಟ್ಟಿಯಾಗಿ ಹಾಡುತ್ತಿದ್ದಳು. ಸ್ವಲ್ಪ ದಿನಕ್ಕೇ ಪೊನ್ನಪ್ಪ ಅವಳಿಗೆ ಒಬ್ಬರೇ ನಡೆಸುವ ಪುಟ್ಟ ದೋಣಿ ಕೊಟ್ಟರು.

"ನಮ್ಮ ಕಣ್ಣಿಗೆ ಕಾಣೋ ಕಡೆನೇ ಇರ್ಬೇಕು" ಅಂದೆ.

"ಹ್ಞೂಂ ಅಪ್ಪಾ" ಅಂದಳು. ಆ "ಹ್ಞೂಂ"ನ ರಾಗ ಹದಿಹರೆಯದ ಮಕ್ಕಳಿರುವ ಎಲ್ಲರಿಗೂ ಗೊತ್ತು.

ಆ ಭಾನುವಾರಕ್ಕೆ ಬರುತ್ತೇನೆ.

ಮಳೆಗಾಲಕ್ಕೆ ಮುಂಚಿನ ಉರಿ ಬಿಸಿಲು. ನೀರು ಇಳಿದು ಆಚೆ ದಡದಲ್ಲಿ ಹಸಿರು ಮೈದಾನವೇ ಎದ್ದಿತ್ತು, ಅಲ್ಲಿ ಎಮ್ಮೆಗಳು ಮೇಯುತ್ತಿದ್ದವು. ನೀರಿನ ನಡುವೆ ಒಂದು ಮಣ್ಣಿನ ದಿಬ್ಬ ತಲೆ ಎತ್ತಿತ್ತು. ಊಟ ಮುಗಿಸಿ ಮತ್ತೆ ನೀರಿಗಿಳಿದಾಗ ಗಾಳಿ ಇರಲೇ ಇಲ್ಲ. ನಮ್ಮ ದೋಣಿ ನಿದ್ದೆ ಬಂದವರ ಹಾಗೆ ತೂಗುತ್ತಿತ್ತು. ಚಿನ್ಮಯಿ ನಮಗಿಂತ ಬಹಳ ಮುಂದೆ, ದಿಬ್ಬದ ಹತ್ತಿರ ಇದ್ದಳು. ಬಿಳಿ ಹಾಯಿ, ಅದರ ಮೇಲೆ ಕೆಂಪು ಪಟ್ಟೆ.

"ತುಂಬಾ ದೂರ ಹೋದ್ಲು" ಅಂದೆ.

"ಕಾಣಿಸ್ತಿದಾಳಲ್ಲ, ಸುಮ್ನಿರಿ" ಅಂದಳು ಸುಮಾ.

ಅವಳ ಮಾತು ಮುಗಿಯುವ ಮೊದಲೇ ನೀರಿನ ಬಣ್ಣ ಬದಲಾಯಿತು. ಪಶ್ಚಿಮದ ಕಡೆ ನೀರೆಲ್ಲ ಕಪ್ಪಗಾಗಿ, ಆ ಕಪ್ಪು ನಮ್ಮ ಕಡೆಗೆ ಓಡಿ ಬರುತ್ತಿತ್ತು. ದೂಳಿನ ವಾಸನೆ ಮೊದಲು ಬಂತು. ಬೆನ್ನಿಗೇ ಗಾಳಿ.

ಹಾಯಿ ಫಟಾರೆಂದು ಉಬ್ಬಿತು. ದೋಣಿ ಒಮ್ಮೆಗೇ ಮಗ್ಗುಲಿಗೆ ವಾಲಿತು. ನನ್ನ ಕೈಯಲ್ಲಿ ಹಗ್ಗ.

"ಬಿಡಿ!" ಸುಮಾ ಕಿರುಚಿದಳು. "ಹಗ್ಗ ಬಿಡ್ರೀ!"

ಗೊತ್ತು, ಬಿಡಬೇಕು ಅಂತ ಗೊತ್ತು. ಆದರೆ ಬೀಳುತ್ತಿರುವವನ ಕೈ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿಯುತ್ತದೆಯೇ ಹೊರತು ಬಿಡುತ್ತದೆಯೇ? ನಾನು ಇನ್ನಷ್ಟು ಬಿಗಿ ಹಿಡಿದೆ. ದೋಣಿ ಇನ್ನಷ್ಟು ವಾಲಿತು. ನೀರು ಒಳಗೆ ನುಗ್ಗಿತು. ಸುಮಾ ಕಾಲು ಚಾಚಿ ನನ್ನ ಮುಂಗೈಗೆ ಒದ್ದಳು. (ಹೌದು, ಒದ್ದಳು. ಮದುವೆಯಾದ ಮೇಲೆ ಮೊದಲ ಸಲ.) ಹಗ್ಗ ಜಾರಿತು. ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ನೆಟ್ಟಗಾಯಿತು.

ಅಷ್ಟರಲ್ಲಿ ಮಳೆ. ಹತ್ತಿರದ್ದೂ ಕಾಣದಂಥ ಮಳೆ. ಅದು ಸ್ವಲ್ಪ ತೆಳುವಾದಾಗ ದಿಬ್ಬ ಕಂಡಿತು. ಕೆಂಪು ಪಟ್ಟೆಯ ಹಾಯಿ ಕಾಣಲಿಲ್ಲ.

"ಚಿನ್ನೂ!" ಅಂತ ಕೂಗಿದೆ. ಗಾಳಿ ನನ್ನ ದನಿಯನ್ನು ನನ್ನ ಬಾಯಿಗೇ ವಾಪಸ್ ತುರುಕಿತು.

"ದಿಬ್ಬದ ಕಡೆ ತಿರುಗ್ಸು" ಅಂದೆ.

ಸುಮಾ ಚುಕ್ಕಾಣಿ ಹಿಡಿದು ಆ ಕಡೆಯೇ ನೋಡುತ್ತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. "ಇಲ್ಲ. ದಡಕ್ಕೆ ಹೋಗ್ತಿದೀವಿ."

"ಹುಚ್ಚಾ ನಿಂಗೆ? ಮಗಳು ಅಲ್ಲಿದಾಳೆ!"

"ನಮಗೆ ಈ ದೋಣಿನೇ ನಿಲ್ಸಕ್ಕಾಗ್ತಿಲ್ಲ. ನಿಮಗೆ ಈಜು ಬರಲ್ಲ. ನಾವೂ ಮುಳುಗಿದ್ರೆ ಕೋಚ್ ಯಾರನ್ನ ಹುಡುಕ್ಬೇಕು? ಅವಳನ್ನಾ, ನಮ್ಮನ್ನಾ?"

"ನೀನೊಬ್ಳು ತಾಯಿನಾ?" ಅಂದೆ.

ಆ ಮಾತನ್ನು ಬರೆಯಲೂ ಈಗ ನಾಚಿಕೆಯಾಗುತ್ತದೆ. ಸುಮಾ ಚುಕ್ಕಾಣಿ ತಿರುಗಿಸಿದಳು. "ಹಗ್ಗ ಸ್ವಲ್ಪ ಎಳೀರಿ" ಅಂದಳು. ಎಳೆದೆ. ಮಗಳಿಗೆ ಬೆನ್ನು ಹಾಕಿ ದಡಕ್ಕೆ ಬಂದೆವು.

ದಡದಲ್ಲಿ ಪೊನ್ನಪ್ಪ ಇರಲಿಲ್ಲ. ಮಗುಚಿದ್ದ ಬೇರೊಂದು ದೋಣಿಯವರನ್ನು ತರಲು ಮೋಟಾರ್ ಬೋಟ್‌ನಲ್ಲಿ ಹೋಗಿದ್ದರು. ಅವರನ್ನು ಇಳಿಸುವಷ್ಟರಲ್ಲಿ ನಾನು ಸೊಂಟದವರೆಗೆ ನೀರಿಗಿಳಿದು ಬೋಟ್ ಹಿಡಿದುಕೊಂಡಿದ್ದೆ.

"ಕೊನೇಲಿ ಎಲ್ಲಿ ನೋಡಿದ್ರಿ ಸರ್?"

"ದಿಬ್ಬದ ಹತ್ರ."

"ಈಚೆಗಾ, ಆಚೆಗಾ?"

ನನಗೆ ಗೊತ್ತಿರಲಿಲ್ಲ. ಬೆಳಗಿನಿಂದ ಅವಳ ಮೇಲೇ ಕಣ್ಣಿಟ್ಟಿದ್ದವನು, ಗಾಳಿ ಬಂದ ಆ ಹೊತ್ತಿನಲ್ಲಿ ನನ್ನ ಕೈಯನ್ನೇ ನೋಡುತ್ತಿದ್ದೆ. ಪೊನ್ನಪ್ಪ ಮತ್ತೇನೂ ಕೇಳದೆ ಬೋಟ್ ತಿರುಗಿಸಿ ಹೋದರು.

ಕಾಯುವುದು ಅಂದರೆ ಏನು ಅಂತ ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಆಪರೇಷನ್ ಥಿಯೇಟರ್ ಹೊರಗೆ ಕಾದಿದ್ದೇನೆ, ರಿಸಲ್ಟ್‌ಗೆ ಕಾದಿದ್ದೇನೆ. ಅಲ್ಲೆಲ್ಲ ಒಂದು ಬಾಗಿಲೋ ಸ್ಕ್ರೀನೋ ಇರುತ್ತದೆ, ಅದನ್ನು ದಿಟ್ಟಿಸಬಹುದು. ಇಲ್ಲಿ ನೋಡಲು ಏನಿತ್ತು? ಬೂದುಬಣ್ಣದ ನೀರು. ತೇಲುವ ಪ್ರತಿ ಕಡ್ಡಿಯೂ ಏನೇನೋ ಆಗಿ ಕಾಣುತ್ತಿತ್ತು. ತಗಡಿನ ಶೆಡ್ ಕೆಳಗೆ ಸುಮಾ ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಅವಳ ಹತ್ತಿರ ಹೋಗಲಿಲ್ಲ.

ಯಾರಿಗಾದರೂ ಫೋನ್ ಮಾಡಬೇಕು ಅನಿಸಿತು. ಯಾರಿಗೆ, ಯಾಕೆ ಅಂತ ಗೊತ್ತಿಲ್ಲ. ಬ್ಯಾಗ್‌ನಿಂದ ಫೋನ್ ತೆಗೆದೆ. ತೆಗೆದಿದ್ದೇ ತಡ, ಅದು ರಿಂಗ್ ಆಯಿತು.

ಅಮ್ಮ.

 ಭಾನುವಾರ ಈ ಹೊತ್ತಿಗೆ ಅಮ್ಮ ಫೋನ್ ಮಾಡುವುದು "ಊಟ ಆಯ್ತಾ" ಅಂತ ಕೇಳಲು. ಏನು ಹೇಳಲಿ? "ಬಾತುಕೋಳಿ ದೋಣಿ ಅಂದಿದ್ನಲ್ಲಮ್ಮಾ, ಅದು ಸುಳ್ಳು. ನಿನ್ನ ಮೊಮ್ಮಗಳು ಕಾಣ್ತಿಲ್ಲ" ಅನ್ನಲೇ? ಎತ್ತಲಿಲ್ಲ. ರಿಂಗ್ ನಿಂತಿತು. ಮತ್ತೆ ಶುರುವಾಯಿತು. ಸೈಲೆಂಟ್‌ಗೆ ಹಾಕಿ ಬೆಂಚಿನ ಮೇಲೆ ಬೋರಲು ಇಟ್ಟೆ. ಅದು ಗುರ್ ಗುರ್ ಎನ್ನುತ್ತಾ ಹಲಗೆಯ ಮೇಲೆ ತೆವಳತೊಡಗಿತು.

"ಯಾರ್ರೀ ಅದು?" ಸುಮಾ ಕೇಳಿದಳು.

"ಅಮ್ಮ."

"ಎತ್ತಿ."

"ಏನಂತ ಹೇಳ್ಲಿ? ನನ್ ಕೈಲಾಗಲ್ಲ."

ಫೋನ್ ನಿಂತಿತು. ಮತ್ತೆ ತೆವಳಿತು. ಅಮ್ಮ ಬಿಡುತ್ತಿಲ್ಲ. ಕೊನೆಗೆ ಸುಮಾ ಬಂದು ಅದನ್ನು ಎತ್ತಿಕೊಂಡಳು. ಸ್ಪೀಕರ್ ಹಾಕಬೇಕಾಗಿಯೇ ಇರಲಿಲ್ಲ, ಅಮ್ಮನ ದನಿ ಶೆಡ್ ತುಂಬಾ ಕೇಳಿಸಿತು.

"ಎಷ್ಟೊತ್ತಿಂದ ಮಾಡ್ತಾ ಇವ್ನಿ! ಏನಾಗದೆ ನಿಮ್ಗೆ? ಆ ಮಗ ಆಚೆ ದಡದಾಗವ್ಳೆ! ಎಮ್ಮೆ ಮೇಯ್ಸೋ ಯಮ್ಮನ ಫೋನ್ನಾಗೆ ನಂಗ್ ಮಾಡಿದ್ಲು. ಏನೂ ಆಗಿಲ್ವಂತೆ. ದೋಣಿ ಮೇಲಕ್ಕೆ ಎಳ್ಕಂಡು ಕುಂತವ್ಳೆ. ಬೇಗ ಅಪ್ಪಂಗೆ ಏಳಜ್ಜಿ ಅಂದ್ಲು. ನಾನ್ ಎಂಗೆ ಏಳ್ಲಿ, ನೀವ್ ಎತ್ತಿದ್ರಲ್ವಾ!"

ಸುಮಾ "ಹ್ಞೂಂ ಅತ್ತೆ, ಹ್ಞೂಂ ಅತ್ತೆ" ಅಂದಳು. ಫೋನ್ ಇಟ್ಟಳು. ನೆಲದ ಮೇಲೆ, ಆ ಕೆಸರಿನಲ್ಲೇ ಕುಸಿದು ಕೂತಳು. ಆಮೇಲೆ ಅತ್ತಳು. ಹೆದರಿಕೆಯೇ ಇಲ್ಲದವಳು ಅಂತ ನಾನು ಅಂದುಕೊಂಡಿದ್ದ ಹೆಂಗಸು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಮೈಯೆಲ್ಲ ಅಲುಗುವಂತೆ ಅತ್ತಳು. ಪಕ್ಕದಲ್ಲಿ ಕೂತೆ. "ತಪ್ಪಾಯ್ತು ಸುಮಾ" ಅಂದೆ. ಅವಳು ನನ್ನ ಮುಂಗೈ ಮುಟ್ಟಿ ನೋಡಿದಳು. ಒದ್ದ ಜಾಗ ಊದಿಕೊಂಡಿತ್ತು.

ಯೋಚಿಸಿ ನೋಡಿ. ಮಗಳು ಕ್ಷೇಮವಾಗಿದ್ದಾಳೆ ಅನ್ನುವ ಸುದ್ದಿ ಬೆಂಚಿನ ಮೇಲೆ ಒದ್ದಾಡುತ್ತಿತ್ತು. ಅದಕ್ಕೆ ಹೆದರಿ ನಾನು ಮುಖ ತಿರುಗಿಸಿ ಕೂತಿದ್ದೆ. ಅಲ್ಲಿ ಕಳೆದ ನರಕದಲ್ಲಿ ಅರ್ಧ ಮಳೆ ಗಾಳಿ ಕೊಟ್ಟದ್ದು. ಉಳಿದರ್ಧ ನಾನೇ ಬಡಿಸಿಕೊಂಡದ್ದು.

ಸ್ವಲ್ಪ ಹೊತ್ತಿಗೆ ಪೊನ್ನಪ್ಪನವರ ಬೋಟ್ ಬಂತು. ಅದರ ಹಿಂದೆ ಕಟ್ಟಿದ್ದ ಪುಟ್ಟ ದೋಣಿ, ಒಳಗೆ ಚಿನ್ಮಯಿ. ಮಂಡಿಯವರೆಗೆ ಕೆಸರು, ತುಟಿ ನೀಲಿ. ಓಡಿ ಬಂದು ಅಪ್ಪಿಕೊಳ್ಳುತ್ತಾಳೆ ಅಂತ ಕೈ ಚಾಚಿದೆ. ಅವಳು ಮೊದಲು ದೋಣಿಯ ಹಗ್ಗ ಬಿಗಿದು, ಗಂಟು ಸರಿಯಾಗಿದೆಯಾ ನೋಡಿ, ಆಮೇಲೆ ನಮ್ಮ ಕಡೆ ಬಂದಳು.

ಗಾಳಿ ಎದ್ದಾಗ ಅವಳು ದಿಬ್ಬದ ಆಚೆ ಬದಿಗೆ ದಾಟಿಬಿಟ್ಟಿದ್ದಳು. ಹಗ್ಗ ಬಿಟ್ಟಳು. ಹತ್ತಿರದ ದಡ ಯಾವುದು ಅಂತ ನೋಡಿದಳು. ಎಮ್ಮೆಗಳು ಕಂಡವು. ಆ ಕಡೆಗೇ ಹೋಗಿ, ದೋಣಿಯನ್ನು ಕೆಸರಿಗೆ ಹತ್ತಿಸಿ, ಹಾಯಿ ಸುತ್ತಿಟ್ಟಳು. ಅಷ್ಟೇ ಕಥೆ. ನಾವು ಮಾಡಿದ್ದನ್ನೇ ಅವಳೂ ಮಾಡಿದ್ದಳು, ನಮಗಿಂತ ಚೆನ್ನಾಗಿ.

"ನಮಗೆ ಯಾಕೆ ಫೋನ್ ಮಾಡ್ಲಿಲ್ಲ?" ಅಂತ ಕೇಳಿದೆ.

"ನಿಮ್ ನಂಬರ್ ಯಾರಿಗ್ ನೆನಪಿರತ್ತಪ್ಪಾ? ಕಾಂಟ್ಯಾಕ್ಟ್ಸ್‌ನಲ್ಲಿ ಇರತ್ತಲ್ಲ. ಅಜ್ಜಿ ನಂಬರ್ ಒಂದೇ ಬಾಯಿಗ್ ಬರೋದು. ಚಿಕ್ಕೋಳಿದ್ದಾಗ ಅನ್ನ ತಿನ್ಸ್ತಾ ಕಲಿಸಿದ್ರಲ್ಲ."

ಸಂಜೆ ಕೋಗಿಲಿಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಉಪ್ಪು ಮೆಣಸಿನಕಾಯಿ ಹಿಡಿದು ಮೊಮ್ಮಗಳಿಗೆ ದೃಷ್ಟಿ ತೆಗೆದಳು. ಇನ್ನು ಶುರುವಾಗುತ್ತದೆ ಬೈಗುಳ, ಇವತ್ತಿಗೆ ದೋಣಿ ವ್ಯವಹಾರ ಮುಗಿಯಿತು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಹಾಗಾಗಲಿ ಎಂದೇ ಮನಸ್ಸಿನೊಳಗೆ ಬೇಡಿಕೊಳ್ಳುತ್ತಿದ್ದೆ.

ಅಮ್ಮ ಚಿನ್ಮಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಗಾಳಿ ಬಂದಾಗ ಏನ್ ಮಾಡ್ದೆ, ಸರ್ಯಾಗ್ ಏಳು" ಅಂದಳು. ಹಾಯಿ ಎಲ್ಲಿರುತ್ತದೆ, ಹಗ್ಗ ಎಲ್ಲಿರುತ್ತದೆ, ಎಲ್ಲ ಕೇಳಿಸಿಕೊಂಡಳು. ಕೊನೆಗೆ ನನ್ನ ಕಡೆ ತಿರುಗಿದಳು.

"ನಂಗ್ಯಾಕೋ ಸುಳ್ಳೇಳ್ದೆ?"

"ನೀನು ಹೆದರ್ಕೋತೀಯ ಅಂತ ಅಮ್ಮಾ."

"ಫೋನ್ ಎತ್ತಾಕೂ ಎದ್ರಿಕೊಂಡೋನ್ ಯಾರ್ಲಾ?"

ಸುಮಾ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು.

ಮಾರನೇ ಬೆಳಿಗ್ಗೆ ನಾನು ಕಾರಿನ ಕೀ ಹಿಡಿದು ನಿಂತಿದ್ದೆ. ಚಿನ್ಮಯಿ ಬ್ಯಾಗ್ ಹಾಕಿಕೊಂಡು ಬಂದು, "ಅಪ್ಪಾ, ಇವತ್ತಿಂದ ಬಸ್ಸಲ್ಲಿ ಹೋಗ್ತೀನಿ" ಅಂದಳು. ಬಸ್ಸಾ? ಹೆಬ್ಬಾಳದಲ್ಲಿ ಇಳಿದು ಬೇರೆ ಬಸ್ ಹಿಡಿಯಬೇಕು, ಆ ನೂಕುನುಗ್ಗಲಿನಲ್ಲಿ ರಸ್ತೆ ದಾಟಬೇಕು! ನನ್ನ ಬಾಯಿ ತೆರೆದುಕೊಂಡಿತು. ಸುಮಾ ನನ್ನನ್ನು ನೋಡಿದಳು. ಬಾಯಿ ಮುಚ್ಚಿಕೊಂಡೆ. ಬಸ್ಸಿನ ಹಿಂದೆ ಸ್ಕೂಟರ್‌ನಲ್ಲಿ ಹೋಗಿಬಿಡೋಣ ಅಂತ ಹೊಳೆಯಿತು. ಸ್ಕೂಟರ್ ಕೀ ಇರುವ ಜಾಗದಲ್ಲಿ ಇರಲಿಲ್ಲ. (ಅದು ಸುಮಾಳ ಬ್ಯಾಗ್‌ನಲ್ಲಿತ್ತು ಅಂತ ಆಮೇಲೆ ಗೊತ್ತಾಯಿತು.) ಆ ಬೆಳಿಗ್ಗೆ ನಾನು ಒಂದು ಸಾಲೂ ಬರೆಯಲಿಲ್ಲ. ಗಡಿಯಾರ ನೋಡಿದೆ, ಬಾಲ್ಕನಿಗೆ ಹೋದೆ, ಬಂದೆ. ಕೊನೆಗೆ ಮೆಸೇಜ್ ಬಂತು: "ರೀಚ್ಡ್. ನೀವು ಮನೇಲೇ ಇದೀರ ತಾನೇ?"

ಭಯ ಹೋಯಿತಾ ಅಂತ ಕೇಳಬೇಡಿ. ಹೋಗಿಲ್ಲ. ಮನೆಯಲ್ಲಿ ಅದಕ್ಕೊಂದು ಮೂಲೆ ಸಿಕ್ಕಿದೆ ಅಷ್ಟೇ, ಮೊದಲಿನ ಹಾಗೆ ಹಾಲ್ ಮಧ್ಯೆ ಕಾಲು ಚಾಚಿ ಕೂರುವುದಿಲ್ಲ. ಈಜು ಕ್ಲಾಸ್‌ಗೂ ಸೇರಿದ್ದೇನೆ. ನನ್ನ ಬ್ಯಾಚ್‌ನಲ್ಲಿ ಉಳಿದವರೆಲ್ಲ ಯುಕೆಜಿ ಮಕ್ಕಳು. ನನಗಿಂತ ಮುಂದಿದ್ದಾರೆ.

ಮೊನ್ನೆ ಶನಿವಾರ ಮತ್ತೆ ಹಿನ್ನೀರಿಗೆ ಹೊರಟೆವು. ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ನಿಂತಿದ್ದಾಗ, ವಾರವಿಡೀ ಗಂಟಲಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಹಿಂದೆ ಕೂತಿದ್ದ ಚಿನ್ಮಯಿಗೆ ಕೇಳಿದೆ.

"ಆವತ್ತು ನಿಂಗೆ ಭಯ ಆಯ್ತಾ?"

"ಆಯ್ತು. ತುಂಬಾ."

"ಮುಳುಗ್ಬಿಡ್ತೀನಿ ಅಂತಾನಾ?"

"ಇಲ್ಲಪ್ಪಾ, ಜಾಕೆಟ್ ಇತ್ತಲ್ಲ." ಅವಳು ಕಿಟಕಿಯಾಚೆ ನೋಡುತ್ತಿದ್ದಳು. "ನನ್ ಹಾಯಿ ಕಾಣ್ದೇ ಇದ್ರೆ ನೀವು ಹುಡುಕ್ಕೊಂಡ್ ಬಂದೇ ಬರ್ತೀರ ಅಂತ ಗೊತ್ತಿತ್ತು. ನಿಮಗೆ ಈಜು ಬರಲ್ಲ. ನಿಮ್ ದೋಣಿ ಮಗುಚ್ಕೊಂಡ್ರೆ ಅಂತ. ದಡಕ್ಕೆ ಬಂದವಳೇ ಅದಕ್ಕೇ ಅಳ್ತಾ ಓಡ್ಹೋಗಿ ಆ ಆಂಟಿ ಹತ್ರ ಫೋನ್ ಕೇಳಿದ್ದು."

ಸ್ಟೀರಿಂಗ್ ಹಿಡಿದಿದ್ದ ಸುಮಾ ಕನ್ನಡಿಯಲ್ಲಿ ಮಗಳನ್ನು ನೋಡಿದಳು. ಮುಂದಿನ ಲಾರಿ ಸರಿಯಿತು, ಹಿಂದಿನವರು ಹಾರ್ನ್ ಹೊಡೆದರು.

ಮಕ್ಕಳಿಗಾಗಿ ನಾವು ಇಷ್ಟು ಹೆದರುತ್ತೇವಲ್ಲ, ಅವರು ನಮಗಾಗಿ ಎಷ್ಟು ಹೆದರುತ್ತಿದ್ದಾರೆ ಅಂತ ಯಾವತ್ತಾದರೂ ಕೇಳಿದ್ದೇವಾ?